ಕಾಡಸಿದ್ದಪ್ಪನ ಪಾಸ್‌ವರ್ಡ್

ಬಿಡದಿಗೆ ಫ್ಯಾಕ್ಟರಿಗಳು ಬಂದು ಹೊಸ ಮುಖಗಳು ಹೆಚ್ಚಿದಂತೆಲ್ಲ ಫೋಟೋ ಸ್ಟುಡಿಯೋ ಕಾಡಸಿದ್ದಪ್ಪನ ಅನುಮಾನವೂ ಹೆಚ್ಚಿತು. ಬಾಗಿಲಿಗೆ ಎರಡು ಬೀಗ, ಕಂಪ್ಯೂಟರಿಗೆ ಕಬ್ಬಿಣದ ಪೆಟ್ಟಿಗೆ. ಅದೂ ಸಾಲದೆಂದು ಎರಡು ಸಾವಿರದ ಎಂಟರಲ್ಲಿ ಡಿಸ್ಕಿಗೇ ಎನ್‌ಕ್ರಿಪ್ಷನ್ ಎಂಬ ಬೀಗ ಜಡಿದ. "ಡಿಸ್ಕ್ ಕಿತ್ಕೊಂಡೋದ್ರೂ ಪಾಸ್‌ವರ್ಡ್ ಇಲ್ದೆ ಒಂದು ಫೋಟೋನೂ ಕಾಣಾಕಿಲ್ಲ ಕಣ್ಲಾ" ಎಂದು ಎಲ್ಲರೆದುರು ಮೀಸೆ ತಿರುವುತ್ತಿದ್ದ. ಅವನು ಪಾಸ್‌ವರ್ಡ್ ಒತ್ತುವಾಗ ಎದುರಿಗಿರುವವನು ಮದುಮಗನಾಗಲಿ, ಪೊಲೀಸಾಗಲಿ, ಗೋಡೆ ಕಡೆ ತಿರುಗಲೇಬೇಕು. ಇಪ್ಪತ್ತು ಅಕ್ಷರದ ಆ ಪಾಸ್‌ವರ್ಡ್ ಅವನಿಗೇ ನೆನಪಿರುತ್ತಿರಲಿಲ್ಲ. ಚೀಟಿಯಲ್ಲಿ ಬರೆದು, ಕೊರಳಲ್ಲಿ ಲಿಂಗ ಕಟ್ಟಿಕೊಂಡಿದ್ದ ವಸ್ತ್ರದ ಮಡಿಕೆಯೊಳಗೆ ಇಟ್ಟಿದ್ದ. "ಶಿವನೇ ಕಾವಲವ್ನೆ" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಹೆಂಡತಿ ಸುಂದರಮ್ಮನಿಗೂ ರಿಯಾಯಿತಿ ಇರಲಿಲ್ಲ. ಜ್ವರ ಬಂದು ತೀರಿಕೊಂಡ ಆರು ವರ್ಷದ ಮಗಳು ಮೇಘನಾಳ ಫೋಟೋಗಳೆಲ್ಲ ಆ ಡಿಸ್ಕಿನಲ್ಲೇ ಇದ್ದವು. ಯಾರಾದರೂ ಎತ್ತಿಕೊಂಡು ಹೋದಾರೆಂದು ಅವನು ಒಂದನ್ನೂ ಪ್ರಿಂಟ್ ಹಾಕಿರಲಿಲ್ಲ. ಸೋಮವಾರಕ್ಕೊಮ್ಮೆ ಸುಂದರಮ್ಮ ಅಂಗಡಿಗೆ ಬಂದು ಗೋಡೆ ಕಡೆ ತಿರುಗಿ ನಿಂತು, "ಆಯ್ತೇನ್ರೀ, ತಿರುಗ್ಲಾ?" ಎಂದು ಕೇಳಿಯೇ ಮಗಳ ಮುಖ ನೋಡಬೇಕಿತ್ತು. ಒಂದು ಮಧ್ಯಾಹ್ನ ಅವನು ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಪದ್ಧತಿಯಂತೆ ಕೊರಳ ಲಿಂಗದ ಸಮೇತ ಮಣ್ಣು ಮಾಡಿದರು. ಅಳುವ ಗದ್ದಲದಲ್ಲಿ ಚೀಟಿ ಯಾರಿಗೂ ನೆನಪಾಗಲಿಲ್ಲ. ಶಿವಗಣಾರಾಧನೆ ಮುಗಿದ ಮೇಲಿನ ಸೋಮವಾರ ಸುಂದರಮ್ಮ ತಾನೇ ಅಂಗಡಿ ತೆಗೆದು ಕಂಪ್ಯೂಟರ್ ಹಾಕಿದಳು. ಪರದೆ ಪಾಸ್‌ವರ್ಡ್ ಕೇಳಿದೊಡನೆ, ಅಭ್ಯಾಸಬಲದಿಂದ, ಗೋಡೆ ಕಡೆ ತಿರುಗಿ ನಿಂತಳು. ಬೆನ್ನ ಹಿಂದೆ ಕೀಲಿ ಒತ್ತುವ ಸದ್ದು ಬರಲಿಲ್ಲ. ಆ ಗೋಡೆಯನ್ನೇ ಕೇಳಿದಳು: "ಊರೆಲ್ಲ ಕಳ್ರೇ ಸರಿ, ನಾನೂ ಕಳ್ಳೀನೇನ್ರೀ?"