ಫರಸಿ ಕೋಣೆಯಲ್ಲಿ ಅಪ್ಪನ ಡಗ್ಗಾ

ಶಹಾಬಾದಿನ ನಮ್ಮ ಮನೆಯಲ್ಲಿ ನೆಲ, ಗೋಡೆ, ಮಾಡು ಎಲ್ಲವೂ ಫರಸಿ ಕಲ್ಲು. ಮಧ್ಯಾಹ್ನ ಅಲ್ಲಿ ಆಡಿದ ಮಾತು ಕೂಡಲೇ ಹೋಗುವುದಿಲ್ಲ. ಸ್ವಲ್ಪ ಹೊತ್ತು ಒಳಗೇ ಸುತ್ತಾಡಿಕೊಂಡಿರುತ್ತದೆ. ಅಪ್ಪ ತೀರಿಕೊಂಡ ಮೇಲೆ ಭಜನೆಯ ಒಂದೇ ಕ್ಯಾಸೆಟ್ಟು ಉಳಿದಿತ್ತು. ಹಾಡು ಬೇರೆಯವರದು, ತಬಲಾ ಅಪ್ಪನದು.

"ಅವರ ಕೈ ಒಮ್ಮೆ ಕೇಳ್ಸವ್ವ," ಎಂದಳು ಅವ್ವ.

ಮೂಲೆಯಲ್ಲಿ ಟ್ರಂಕಿನ ಮೇಲೆ ಎತ್ತರಕ್ಕೆ ಒಟ್ಟಿದ್ದ ಕೌದಿಗಳನ್ನೆಲ್ಲ ಹೊರಗೆ ಹಾಕಿದೆ. ಎರಡು ಸ್ಪೀಕರ್ ಇಟ್ಟು, ಕೋಣೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡು, ಕ್ಯಾಸೆಟ್ಟಿನ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ ತಿದ್ದಲು ಕೂತೆ. ತಬಲಾ ಜೋಡಿಯಲ್ಲಿ ಎಡಗೈ ನುಡಿಸುವ ಡಗ್ಗಾದ ದನಿ ಮಾತ್ರ ಕೇಳಲೇ ಇಲ್ಲ. ಸ್ಪೀಕರನ್ನು ಬೈದೆ, ಕ್ಯಾಸೆಟ್ಟನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ, ಹಾಗಾಯಿತು ನನ್ನ ಕತೆ. ದಿನವೂ ಬೇಸ್, ಅಂದರೆ ಮಂದ್ರದ ದನಿ, ಏರಿಸುತ್ತಲೇ ಹೋದೆ.

ವಾರದ ಮೇಲೆ ಅವ್ವನನ್ನು ಕರೆದೆ. ಎಂದಿನಂತೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಹಾಡು ಹಚ್ಚಿ ಒಂದು ನಿಮಿಷವೂ ಆಗಿರಲಿಲ್ಲ.

"ಬಂದ್ ಮಾಡು. ಇದು ಅವರ ಕೈ ಅಲ್ಲ. ಅವರು ಭಾಳ ಮೆತ್ತಗ ನುಡಸ್ತಿದ್ರು. ಇದ್ಯಾರೋ ಬಾಗಲಾ ಬಡ್ಯಾಕತ್ತಾರ."

ನನಗೆ ಸಿಟ್ಟು ಬಂತು, ಅಳುವೂ ಬಂತು. "ನನಗ ಕೇಳಂಗೇ ಇಲ್ಲ, ನಿನಗ ಬಡ್ದಂಗ ಆಗ್ತದೇನು?"

"ಹಂಗಾದ್ರ ನೀ ಇಲ್ಲಿ ಬಂದು ಕುಂದ್ರು."

ಹೋಗಿ ಗೋಡೆಗೆ ಒರಗಿದೆ. ಕುರ್ಚಿಯಲ್ಲಿ ಇಲ್ಲದ ಡಗ್ಗಾ ಇಲ್ಲಿ ಬೆನ್ನಿಗೇ ಗುದ್ದುತ್ತಿತ್ತು. ಕಲ್ಲಿಗೆ ಬಡಿದು ಮರಳಿದ ದನಿಗಳು ಕೋಣೆಯ ನಡುವೆ ಒಂದನ್ನೊಂದು ನುಂಗಿಕೊಂಡು, ಗೋಡೆಯ ಹತ್ತಿರ ರಾಶಿ ಬೀಳುತ್ತಿದ್ದವು. ಈ ಸಲ ನೆಲ ನಿಜಕ್ಕೂ ಡೊಂಕೇ! ಮೆತ್ತಗಿನ ಕೈಯವರನ್ನು ನಾನು ಒಂದು ವಾರ ಕೂತು ಒರಟರನ್ನಾಗಿ ಮಾಡಿದ್ದೆ.

ಏರಿಸಿದ್ದನ್ನೆಲ್ಲ ಇಳಿಸಿದೆ. "ಹಾಸಿಗಿ ಮೂಲ್ಯಾಗಿದ್ರ ಮನಿ ಮನಿಯಂಗಿರ್ತದ," ಎಂದು ಗೊಣಗುತ್ತ ಅವ್ವ ಕೌದಿಗಳನ್ನು ಮತ್ತೆ ಒಟ್ಟಿದಳು. ಕೌದಿ ದನಿ ಹೀರಿಕೊಂಡು, ಕೋಣೆ ಗುಂಯ್ ಎನ್ನುವುದು ತುಸು ತಗ್ಗಿತು. ನಾನು ಚಾಪೆ ಎಳೆದುಕೊಂಡು, ಕಣ್ಣು ಮುಚ್ಚಿ, ನೆಲದ ಕಲ್ಲಿನಿಂದ ಕಲ್ಲಿಗೆ ಸರಿಯುತ್ತ ಹೋದೆ. ನನ್ನ ಕುರ್ಚಿಗೂ ಅವ್ವನ ಗೋಡೆಗೂ ನಡುವೆ ಒಂದು ಕಡೆ ಡಗ್ಗಾ ದುಂಡಗೆ, ಮೆತ್ತಗೆ, ನಿದ್ದೆಯಲ್ಲಿ ಕೇಳಿದ ಹಾಗೆ ಬಂತು.

ಎದ್ದು ಆ ಜಾಗವನ್ನು ಅವ್ವನಿಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅವಳ ಬೆರಳು ಮೊಣಕಾಲಿನ ಮೇಲೆ ತಾಳ ಹಿಡಿದವು.

"ಈಗ ಬಂದ್ರು," ಎಂದಳು. ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಒಬ್ಬರಿಗೆ ಜಾಗ ಬಿಟ್ಟಳು.

ನಾನು ಅಲ್ಲಿ ಕೂರಲಿಲ್ಲ.