ಮೂರು ನಿಮಿಷದ ಕತ್ತರಿ

ನಮ್ಮ ಮನೆಯವರು ಲಿಫ್ಟ್ ಮೆಕ್ಯಾನಿಕ್. ಮೂವತ್ತೊಂದು ವರ್ಷದಿಂದ ಜನರನ್ನು ಮೇಲೆ ಕೆಳಗೆ ಸಾಗಿಸುತ್ತಿದ್ದಾರೆ, ಆದರೆ ಯಾರ ಜೊತೆಗೂ ಎರಡು ಮಹಡಿಗಿಂತ ಹೆಚ್ಚು ಮಾತಾಡಿದವರಲ್ಲ. ಊಟಕ್ಕೆ ಉಪ್ಪು ಕಡಿಮೆಯಾದರೆ ಬಾಯಿಬಿಟ್ಟು ಕೇಳುವುದಿಲ್ಲ, ಉಪ್ಪಿನ ಡಬ್ಬಿಯನ್ನು ದಿಟ್ಟಿಸುತ್ತಾರೆ. ಇಂಥವರು ಊರಿನವರೆಲ್ಲ ಮಾತಾಡಿಕೊಳ್ಳಲಿ ಎಂದು ಇಪ್ಪತ್ತು ವರ್ಷ ಒಂದು ಯಂತ್ರವನ್ನು ಸಾಕಿದರು ಎಂದರೆ ನಂಬುವುದು ಕಷ್ಟ. ಅದೇ ಯಂತ್ರದಿಂದ ನಮ್ಮಣ್ಣನ ಬಾಯಿ ಮುಚ್ಚಿಸಿದರು ಎಂದರೆ ಇನ್ನೂ ಕಷ್ಟ. ಆದರೆ ಎರಡೂ ನಿಜ. ನಾನು ಪಕ್ಕದಲ್ಲೇ ಇದ್ದೆ, ಎಲ್ಲ ನೋಡಿಕೊಂಡು ಸುಮ್ಮನಿದ್ದೆ.

ಯಂತ್ರದ ಹೆಸರು ರಿಪೀಟರ್. ನಮ್ಮಂಥ ಹವ್ಯಾಸಿ ರೇಡಿಯೊದವರ ಕೈಯಲ್ಲಿರುವ ಸೆಟ್ಟು ಸಣ್ಣದು. ಒಂದು ಗುಡ್ಡ ಅಡ್ಡ ಬಂದರೆ ಅದರ ದನಿ ಅಲ್ಲಿಗೇ ನಿಂತುಬಿಡುತ್ತದೆ. ಎತ್ತರದಲ್ಲಿ ಕೂತ ರಿಪೀಟರ್ ಆ ಸಣ್ಣ ದನಿಯನ್ನು ಕೇಳಿಸಿಕೊಂಡು, ಅದೇ ಗಳಿಗೆಯಲ್ಲಿ ಇನ್ನೊಂದು ಅಲೆಯ ಮೇಲೆ ಗಟ್ಟಿಯಾಗಿ ಮತ್ತೆ ಹೇಳುತ್ತದೆ. ನಮ್ಮೂರಿನಲ್ಲಿ ಅತಿ ಎತ್ತರದ್ದು ಹನ್ನೊಂದು ಮಹಡಿಯ ಆಸ್ಪತ್ರೆ. ಅದರ ನೆತ್ತಿಯ ಮೇಲಿರುವ ಲಿಫ್ಟ್ ಕೋಣೆಯ ಕೀಲಿ ಇವರ ಸೊಂಟದಲ್ಲಿತ್ತು. ಆಸ್ಪತ್ರೆಯವರ ಒಪ್ಪಿಗೆ ಪತ್ರವೂ ಸಿಕ್ಕಿತು.

ಟ್ಯಾಕ್ಸಿಯವರು ಬೇಡವೆಂದು ಬಿಸಾಡಿದ ಎರಡು ಸೆಟ್ಟುಗಳನ್ನು ಇವರು ಮನೆಗೆ ಹೊತ್ತು ತಂದರು. ಒಂದಕ್ಕೆ ಬರೀ ಕೇಳುವ ಕೆಲಸ, ಇನ್ನೊಂದಕ್ಕೆ ಬರೀ ಹೇಳುವ ಕೆಲಸ. "ನಮ್ಮ ಮನೆ ಥರ," ಎಂದೆ. ನಗಲಿಲ್ಲ. ಕಷ್ಟ ಇರುವುದು ಬೇರೆ ಕಡೆ. ಕಿವಿ, ಬಾಯಿ ಎರಡೂ ಒಂದೇ ಕಂಬದ ಮೇಲಿರುವುದರಿಂದ ಬಾಯಿ ಕೂಗಿದರೆ ಪಕ್ಕದ ಕಿವಿ ಕಿವುಡಾಗುತ್ತದೆ. ಹಾಗಾಗದಿರಲಿ ಎಂದು ನಲ್ಲಿ ಕೆಲಸದವನಿಂದ ದಪ್ಪ ತಾಮ್ರದ ಕೊಳವೆ ತರಿಸಿ, ಮೊಣಕಾಲುದ್ದದ ಆರು ಡಬ್ಬಗಳನ್ನು ಬೆಸೆದರು. ಒಂದೊಂದರ ತಲೆಯ ಮೇಲೂ ಒಂದು ತಿರುಪು. ಅದನ್ನು ಕೂದಲೆಳೆಯಷ್ಟು ತಿರುಗಿಸುವುದು, ಮೀಟರ್ ನೋಡುವುದು, ನಿಟ್ಟುಸಿರು ಬಿಡುವುದು. ಹನ್ನೊಂದು ದಿನ ಆ ಡಬ್ಬಗಳು ನನ್ನ ಅಡುಗೆಮನೆಯ ಮೇಜಿನ ಮೇಲಿದ್ದವು, ನಾವು ನೆಲದ ಮೇಲೆ ಕೂತು ಉಂಡೆವು.

ಕಟ್ಟುವುದು ಒಂದು ತೂಕವಾದರೆ ಕಾಪಾಡುವುದು ಇನ್ನೊಂದು. ಮಳೆ ಬಂದರೆ ಕೇಬಲ್ಲಿನ ಕೊರಳಿಗೆ ನೀರು ಇಳಿಯುತ್ತದೆ, ಪಾರಿವಾಳ ಆಂಟೆನಾದ ಬುಡದಲ್ಲಿ ಸಂಸಾರ ಹೂಡುತ್ತದೆ, ತಣ್ಣಗಿಡುವ ಫ್ಯಾನು ಕೀರಲು ಶುರುಮಾಡುತ್ತದೆ. ಪ್ರತಿ ತಿಂಗಳ ಮೊದಲ ಸೋಮವಾರ ಇವರು ಬ್ಯಾಟರಿಗೆ ನೀರು ಹಾಕಿ, ನಡುವಿಗೆ ಬೆಲ್ಟು ಕಟ್ಟಿ ನೀರಿನ ಟ್ಯಾಂಕಿನ ಮೇಲಿನ ಕಂಬ ಹತ್ತುತ್ತಿದ್ದರು. ಕೆಳಗಿಳಿದು ಮನೆಗೆ ಬಂದು, "ಒಮ್ಮೆ ಮಾತಾಡು, ಹೇಗೆ ಕೇಳತ್ತೆ ನೋಡೋಣ," ಎನ್ನುತ್ತಿದ್ದರು. ಅದು ಅವರ ದಿನದ ಉದ್ದದ ಮಾತು. ಅಂದಹಾಗೆ ನನಗೂ ಪರವಾನಗಿ ಇದೆ. ಪರೀಕ್ಷೆಯಲ್ಲಿ ಇವರಿಗಿಂತ ನಾಲ್ಕು ಅಂಕ ಹೆಚ್ಚು, ಆ ಸುದ್ದಿಯನ್ನು ಆಗಾಗ ನೆನಪಿಸುತ್ತಿರುತ್ತೇನೆ.

ಈಗ ಅಣ್ಣನ ವಿಷಯ. ನನ್ನ ಒಡಹುಟ್ಟಿದ ಅಣ್ಣ, ಕರೆಂಟು ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ನಿವೃತ್ತನಾದ ಮರುವರ್ಷ ಅತ್ತಿಗೆ ತೀರಿಕೊಂಡರು. ಮಕ್ಕಳಿಲ್ಲ. ಗುಡ್ಡದ ಆಚೆ ಮಗ್ಗುಲಲ್ಲಿ ನಲವತ್ತು ಜೇನುಪೆಟ್ಟಿಗೆ ಇಟ್ಟುಕೊಂಡು ದಿನವೆಲ್ಲ ಅಲ್ಲೇ ಇರುತ್ತಿದ್ದ. ಅವನೂ ನಮ್ಮ ಹಾಗೆ ಪರವಾನಗಿ, ಸೆಟ್ಟು ಎರಡೂ ಇದ್ದವನು. ಅಲ್ಲಿ ಫೋನು ಸಿಗುವುದಿಲ್ಲ, ರಿಪೀಟರ್ ಸಿಗುತ್ತದೆ. ಅತ್ತಿಗೆಗೆ ಹೇಳಬೇಕಾದದ್ದನ್ನೆಲ್ಲ ಅಣ್ಣ ರಿಪೀಟರಿಗೆ ಹೇಳತೊಡಗಿದ. ಯಾವ ಪೆಟ್ಟಿಗೆಗೆ ಇರುವೆ ಹತ್ತಿತು, ಯಾವ ಮೊಣಕಾಲು ನೋಯುತ್ತಿದೆ, ಬೆಳಿಗ್ಗೆ ಹಾಲು ಹೇಗೆ ಉಕ್ಕಿತು. ಬೇರೆಯವರಿಗೆ ಬಾಯಿ ಹಾಕಲು ಜಾಗವೇ ಇಲ್ಲ. ನಮ್ಮ ರೇಡಿಯೊ ಬಳಗದವರು ಅವನಿಗೆ 'ಪುರಾಣ' ಎಂದು ಹೆಸರಿಟ್ಟರು.

ಅವನ ಮಾತಿನ ಕಾವಿಗೆ ರಿಪೀಟರಿನ ಹೇಳುವ ಭಾಗ ಎರಡು ಸಲ ಸುಟ್ಟುಹೋಯಿತು. ಇದು ಉಪಮೆಯಲ್ಲ, ನಿಜವಾಗಿಯೇ ಸುಟ್ಟಿತು. ಆಗ ಇವರು ಒಂದು ಟೈಮರ್ ಕಟ್ಟಿದರು. ಯಾರಾದರೂ ಮೂರು ನಿಮಿಷಕ್ಕಿಂತ ಹೆಚ್ಚು ಒಂದೇ ಉಸಿರಿಗೆ ಮಾತಾಡಿದರೆ ರಿಪೀಟರ್ ಬಾಯಿ ಮುಚ್ಚಿಕೊಳ್ಳುತ್ತದೆ, ಅವರು ಸೆಟ್ಟಿನ ಮಾತಾಡುವ ಗುಂಡಿ ಬಿಟ್ಟ ಮೇಲೆ ಮತ್ತೆ ತೆರೆಯುತ್ತದೆ. ಗುಂಡಿ ಒತ್ತಿಕೊಂಡಿರುವವರಿಗೆ ತಮ್ಮ ಮಾತು ತುಂಡಾದದ್ದು ತಿಳಿಯುವುದೇ ಇಲ್ಲ. ನಾವು ಅದನ್ನು 'ಕತ್ತರಿ' ಎಂದು ಕರೆಯುತ್ತಿದ್ದೆವು. ಅಣ್ಣ ಎರಡೇ ದಿನದಲ್ಲಿ ಅದರ ಮರ್ಮ ಹಿಡಿದ. ಎರಡೂವರೆ ನಿಮಿಷಕ್ಕೊಮ್ಮೆ ಗುಂಡಿ ಬಿಟ್ಟು, ಒಂದು ಉಸಿರೆಳೆದುಕೊಂಡು, ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಶುರುಮಾಡುತ್ತಿದ್ದ.

ಹಲ್ಲಿನ ಡಾಕ್ಟರು ನಮ್ಮ ಬಳಗದ ಹಿರಿಯರು. ಒಂದು ಭಾನುವಾರ ಮನೆಗೇ ಬಂದು, "ನಿಮ್ಮ ಭಾವನಿಗೆ ಒಂದು ಮಾತು ಹೇಳಿ ಮಾರಾಯ್ರೆ," ಎಂದರು. ಇವರಿಗೆ ಅದು ಬಾಯೊಳಗಿನ ಬಿಸಿತುಪ್ಪ. ಹೆಂಡತಿಯ ಅಣ್ಣ, ವಯಸ್ಸಿನಲ್ಲಿ ದೊಡ್ಡವನು, ಹೆಂಡತಿ ಸತ್ತವನು. ಮಾತಾಡಬೇಡ ಎಂದು ಹೇಳಲು ಮಾತು ಬರಬೇಕು, ಅದೇ ಇವರಲ್ಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಒಂದು ದಾರಿ ಹುಡುಕಿದರು.

ರಿಪೀಟರಿಗೆ ಬೀಗ ಹಾಕಿದರು. ಮಾತಿನ ಅಡಿಯಲ್ಲಿ ಕಿವಿಗೆ ಕೇಳಿಸದ ಒಂದು ಸಣ್ಣ ಗುಂಯ್‌ಗುಡುವ ಸ್ವರವನ್ನು ಕಳಿಸುವ ಸೆಟ್ಟಿಗೆ ಮಾತ್ರ ಅದು ಬಾಗಿಲು ತೆರೆಯುತ್ತದೆ. ಹೊರಗಿನ ಗದ್ದಲ ಒಳಗೆ ಬರುತ್ತಿದೆ, ಅದಕ್ಕೇ ಈ ಏರ್ಪಾಡು ಎಂದು ಎಲ್ಲರಿಗೂ ಹೇಳಿ, ಎಲ್ಲರ ಸೆಟ್ಟಿನಲ್ಲೂ ಆ ಸ್ವರವನ್ನು ಕೂರಿಸಿದರು. ಅಣ್ಣನ ಸೆಟ್ಟು ಹಳೆಯದು, ಅದಕ್ಕೆ ಬೆರಳುಗುರಿನಷ್ಟು ಅಗಲದ ಒಂದು ಬೋರ್ಡು ಬೇಕು. "ಬೋರ್ಡ್ ಬರ್ಬೇಕು ಭಾವ," ಎಂದರು ಇವರು. ಬೋರ್ಡು ಆಗಲೇ ಬಂದು ನನ್ನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಪಕ್ಕ ಮಲಗಿತ್ತು. ದಾರದ ಉಂಡೆ ತೆಗೆಯುವಾಗ ಕಂಡಿತು. ಇವರ ಮುಖ ನೋಡಿದೆ. ಇವರು ಉಪ್ಪಿನ ಡಬ್ಬಿ ನೋಡಿದರು. ನಾನು ಡ್ರಾಯರ್ ಮುಚ್ಚಿದೆ.

ಐದು ವಾರ ಬಲು ನೆಮ್ಮದಿಯಾಗಿತ್ತು, ಸುಳ್ಳೇಕೆ ಹೇಳಲಿ. ಅಣ್ಣ ರಾತ್ರಿ ಊಟಕ್ಕೆ ಮುಂಚೆ ಮನೆಯಿಂದ ಫೋನು ಮಾಡಿ, "ಬೋರ್ಡ್ ಬಂತಾ ಭಾವ? ನೀವು ಮಾತಾಡೋದೆಲ್ಲ ಕೇಳ್ತದೆ, ನಂದು ಮಾತ್ರ ಹೋಗಲ್ಲ. ಅಂಗಡಿ ಗಾಜಿನಾಚೆ ನಿಂತ್ಕೊಂಡ ಹಾಗಾಗಿದೆ," ಎನ್ನುತ್ತಿದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವರು ಡ್ರಾಯರಿನ ಕಡೆ ತಿರುಗಿ, "ಈ ವಾರ ನೋಡೋಣ," ಎನ್ನುತ್ತಿದ್ದರು.

ಆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇವರು ಹೊಸ ಫ್ಯಾನು ಹಾಕಿ ಮನೆಗೆ ಬಂದಿದ್ದರು. ಹಲ್ಲಿನ ಡಾಕ್ಟರ ಜೊತೆ ದನಿ ಪರೀಕ್ಷೆ ನಡೆದಿತ್ತು. ಡಾಕ್ಟರು, "ಪುರಾಣ ನಿಂತ ಮೇಲೆ ಎಷ್ಟು ತಣ್ಣಗಿದೆ ನೋಡಿ," ಎಂದರು. ಇವರು "ಹ್ಞಾಂ" ಎಂದರು. ನನಗೆ ಬಾಯಿ ಕಡಿಯಿತು. ಮೈಕು ಕಸಿದುಕೊಂಡು, "ಡಾಕ್ಟ್ರೇ, ಬೀಗದ ಕೈ ನನ್ನ ಹೊಲಿಗೆ ಮೆಷಿನ್ ಡ್ರಾಯರಲ್ಲಿ ಭದ್ರವಾಗಿದೆ, ನೀವೇನೂ ಹೆದರ್ಬೇಡಿ!" ಎಂದು ಹೇಳಿ ಜೋರಾಗಿ ನಕ್ಕೆ. ಅವರೂ ನಕ್ಕರು.

ಅಣ್ಣನಿಗೆ ಎಲ್ಲ ಕೇಳಿಸುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ನಾಲ್ಕು ಅಂಕ ಹೆಚ್ಚು ತೆಗೆದವಳಲ್ಲವೇ? ಆದರೆ ಒಬ್ಬನ ದನಿ ಐದು ವಾರ ಕೇಳದಿದ್ದರೆ ಅವನಿಗೆ ಕಿವಿಯೂ ಇಲ್ಲವೆಂದು ನಾವು ಅಂದುಕೊಂಡುಬಿಡುತ್ತೇವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ಹೇಳುತ್ತಿದ್ದದ್ದು ನನಗೇ.

ಅಷ್ಟು ಹೊತ್ತಿಗೆ ಅಣ್ಣ ಬಿದ್ದು ಒಂದು ಗಂಟೆಯಾಗಿತ್ತು. ಪೆಟ್ಟಿಗೆ ಹೊತ್ತು ಕಲ್ಲುಕಟ್ಟೆಯಿಂದ ಇಳಿಯುವಾಗ ಕಾಲು ಜಾರಿ, ತೊಡೆಯ ಮೂಳೆ ಮುರಿದುಕೊಂಡು ಕಟ್ಟೆಯ ಕೆಳಗೆ ಬಿದ್ದಿದ್ದ. ಸೊಂಟದಲ್ಲಿ ಸೆಟ್ಟಿತ್ತು. ಗುಂಡಿ ಒತ್ತಿ ಕೂಗುತ್ತ, ಬಿಟ್ಟು ಕಿವಿಗೊಡುತ್ತ ಇದ್ದ. ಅವನ ಕೂಗು ನನ್ನ ಗಂಡ ಕಟ್ಟಿದ ಯಂತ್ರದವರೆಗೆ ಚೆನ್ನಾಗಿಯೇ ಬರುತ್ತಿತ್ತು. ಯಂತ್ರ ಬಾಗಿಲು ತೆಗೆಯಲಿಲ್ಲ, ಅಷ್ಟೇ. ಮೂರೂವರೆಗೆ ಜೇನು ಕೊಳ್ಳಲು ಹೋದ ಬೇಕರಿಯವನು ಅವನನ್ನು ಕಂಡ. ಮೈಮೇಲೆಲ್ಲ ಜೇನು ಕಚ್ಚಿದ ಬಾವು, ದನಿ ಹೂತುಹೋಗಿತ್ತು. ಸೆಟ್ಟಿನ ಬ್ಯಾಟರಿ ಮುಗಿದಿದ್ದರೂ ಬೆರಳು ಗುಂಡಿಯ ಮೇಲೇ ಇತ್ತು ಎಂದು ಬೇಕರಿಯವನು ಹೇಳಿದ.

ಅದೇ ಆಸ್ಪತ್ರೆ, ಏಳನೆಯ ಮಹಡಿ. ಇವರು ಅಣ್ಣನ ಹತ್ತಿರ ಹೋಗಲಿಲ್ಲ. ನೆಟ್ಟಗೆ ಮೇಲೆ ಹತ್ತಿ, ಬೀಗ ಕಿತ್ತು ಬಂದರು. ಆಮೇಲೆ ಮೂರು ದಿನ, ಯಾವ ತೊಂದರೆಯೂ ಇಲ್ಲದ ಲಿಫ್ಟನ್ನು ಬಿಚ್ಚಿ ಜೋಡಿಸುತ್ತ ಕೂತರು. ಏಳನೆಯ ಮಹಡಿ ದಾಟುವಾಗ ತಲೆ ತಗ್ಗಿಸುತ್ತಿದ್ದರಂತೆ, ಲಿಫ್ಟಿನವಳು ಹೇಳಿದಳು. ನಾಲ್ಕನೆಯ ದಿನ ನಾನು ಕೂಗಾಡಿದೆ. "ನಿಮ್ಮ ಮೌನಕ್ಕೆ ಬೆಂಕಿ ಬೀಳ, ಈಗಲಾದ್ರೂ ಬಾಯಿ ಬಿಡಿ," ಎಂದೆ. ಬೋರ್ಡನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದರು.

"ಭಾವ, ಬೋರ್ಡು," ಎಂದರು.

"ಬಂತಾ?" ಎಂದ ಅಣ್ಣ. ದನಿ ಇನ್ನೂ ಒಡೆದೇ ಇತ್ತು.

"ಐದು ವಾರದ ಹಿಂದೇನೇ ಬಂದಿತ್ತು. ನಾನೇ ಹಾಕ್ಲಿಲ್ಲ. ಬೇಕಂತ್ಲೇ."

"ಗೊತ್ತು. ಹೊಲಿಗೆ ಮೆಷಿನ್ ಡ್ರಾಯರಲ್ಲಿತ್ತಲ್ವಾ."

ನರ್ಸ್ ಬಂದು ಬಾಟಲಿ ಬದಲಿಸಿ ಹೋದಳು. ಅಲ್ಲಿಯವರೆಗೆ ಮೂವರೂ ಆ ಬಾಟಲಿಯನ್ನೇ ನೋಡಿದೆವು.

"ಭಾವ, ಜಾಸ್ತಿ ಮಾತಾಡ್ತೀರಿ, ಕಡಿಮೆ ಮಾಡಿ ಅಂತ ಒಂದೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ," ಎಂದ ಅಣ್ಣ. "ಕಂಬದ ಮೇಲೆ ಕೆಲಸ ಮಾಡಿದವನು ನಾನು. ಕೆಳಗಿನವನು ಲೈನ್ ಬಂದ್ ಮಾಡಿದೀನಿ ಅಂದ್ರೆ ನಂಬಿ ತಂತಿಗೆ ಕೈ ಹಾಕ್ತಿದ್ದೆ." ಮುಖವನ್ನು ಗೋಡೆ ಕಡೆ ತಿರುಗಿಸಿದ. ನನ್ನ ಕಡೆ ನೋಡಲೇ ಇಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ತೊಡೆಗೆ ಕಂಬಿ ಹಾಕಿಸಿಕೊಂಡು ಅಣ್ಣ ತನ್ನ ಮನೆಗೇ ಹೋದ. ನಮ್ಮಲ್ಲಿಗೆ ಬಾ ಎಂದರೆ ಉಹೂಂ ಎಂದ. ಬೇಕರಿಯವನ ಅಕ್ಕ ಬಂದು ನೋಡಿಕೊಳ್ಳುತ್ತಿದ್ದಳು. ನಾನು ದಿನಾ ಡಬ್ಬಿ ಒಯ್ದರೆ ಉಣ್ಣುತ್ತಿದ್ದ. ಹೂಂ, ಉಹೂಂ ಬಿಟ್ಟರೆ ಇನ್ನೊಂದು ಮಾತಿಲ್ಲ. ಪುರಾಣ ಎಂದು ಹೆಸರು ಪಡೆದವನ ಬಾಯಲ್ಲಿ ಹೂಂ, ಉಹೂಂ! ಸೆಟ್ಟು ಹಾಸಿಗೆಯ ಪಕ್ಕದಲ್ಲಿತ್ತು, ಬೀಗವೂ ಇರಲಿಲ್ಲ. ಆದರೂ ಅವನು ಮಾತಾಡಲಿಲ್ಲ.

ಇವರು ಬೆಳಿಗ್ಗೆ ಏಳಕ್ಕೆ ಸೆಟ್ಟು ಹಿಡಿದು, "ಭಾವ, ಕೇಳಿಸ್ತಿದೆಯಾ?" ಎಂದು ಕರೆಯಲು ಶುರುಮಾಡಿದರು. ಮೊದಲ ವಾರ ಉತ್ತರವಿಲ್ಲ. ಎರಡನೆಯ ವಾರ ಒಂದು 'ಟಪ್' ಬಂತು. ಗುಂಡಿ ಒತ್ತಿ ಬಿಟ್ಟ ಸದ್ದು, ಅಷ್ಟೇ. ಆ ಟಪ್ ಅನ್ನು ಹಿಡಿದುಕೊಂಡು ಇವರು ಮಾತಾಡತೊಡಗಿದರು. ಯಾವ ಲಿಫ್ಟಿನ ಬಾಗಿಲು ಕಚ್ಚಿಕೊಂಡಿತು, ಪಾರಿವಾಳ ಎಷ್ಟು ಮೊಟ್ಟೆ ಇಟ್ಟಿದೆ, ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಉಪ್ಪಿನ ಸಂಗತಿ ನನಗೂ ರೇಡಿಯೊದಲ್ಲೇ ಗೊತ್ತಾದದ್ದು. ಎರಡೂವರೆ ನಿಮಿಷಕ್ಕೊಮ್ಮೆ ಗುಂಡಿ ಬಿಟ್ಟು ಉಸಿರೆಳೆದುಕೊಳ್ಳುತ್ತಿದ್ದರು. ಹಲ್ಲಿನ ಡಾಕ್ಟರು, ಉಳಿದವರು ಆ ಹೊತ್ತಿನಲ್ಲಿ ಯಾರೂ ನಡುವೆ ಬರುತ್ತಿರಲಿಲ್ಲ.

ನಾನು ಮಾತ್ರ ಮೈಕು ಮುಟ್ಟಲಿಲ್ಲ. ಡಬ್ಬಿ ಕೊಡುವಾಗ ಹೇಳೋಣವೆಂದು ಎಷ್ಟು ಸಲ ಬಾಯಿ ತೆರೆದೆನೋ. ಆದರೆ ನಾನು ನಕ್ಕದ್ದು ಊರೆಲ್ಲ ಕೇಳುವಾಗ. ತಪ್ಪಾಯಿತು ಎನ್ನುವುದು ನಾಲ್ಕು ಗೋಡೆಯ ನಡುವೆ ಹೇಳಿ ಮುಗಿಸುವ ಮಾತಲ್ಲ ಅನ್ನಿಸುತ್ತಿತ್ತು. ರೇಡಿಯೊದಲ್ಲಿ ಹೇಳಲು ಧೈರ್ಯವಿಲ್ಲ, ಮನೆಯಲ್ಲಿ ಹೇಳಲು ಮನಸ್ಸಿಲ್ಲ, ಹೀಗೇ ಏಳು ವಾರ ಕಳೆಯಿತು.

ಒಂದು ದಿನ ಬೆಳಿಗ್ಗೆ ಆರೂ ಮುಕ್ಕಾಲಿಗೆ ಆಸ್ಪತ್ರೆಯಿಂದ ಕರೆ ಬಂತು. ಲಿಫ್ಟು ನಾಲ್ಕು ಜನರನ್ನು ಹೊತ್ತುಕೊಂಡು ನಡುವೆ ನಿಂತಿತ್ತು. ಇವರು ಚಪ್ಪಲಿ ಸಿಕ್ಕಿಸಿಕೊಂಡು ಓಡಿದರು. ಏಳು ಹೊಡೆಯಿತು. ಸೆಟ್ಟು ಮೇಜಿನ ಮೇಲೆ ಸುಮ್ಮನೆ ಕೂತಿತ್ತು. ಏಳು ದಾಟಿ ನಾಲ್ಕು ನಿಮಿಷಕ್ಕೆ 'ಟಪ್' ಎಂದಿತು. ಯಾರೂ ಕರೆಯದೆ, ತಾನಾಗಿ. ಸ್ವಲ್ಪ ಹೊತ್ತಿಗೆ ಮತ್ತೊಂದು.

ಮೈಕು ಎತ್ತಿಕೊಂಡೆ. "ಅಣ್ಣ, ಇವರು ಲಿಫ್ಟ್ ಕೆಲಸಕ್ಕೆ ಹೋಗಿದಾರೆ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. ಬೇಕರಿಯವನು ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿರುವುದು, ಅವನಿಗೆ ಮೂಗಿನ ಮೇಲೇ ಜೇನು ಕಚ್ಚಿದ್ದು, ಚಿಕ್ಕಂದಿನಲ್ಲಿ ಅಣ್ಣ ನನ್ನನ್ನು ಸೈಕಲ್ಲಿನಿಂದ ಬೀಳಿಸಿ ಅಮ್ಮನಿಗೆ ಸುಳ್ಳು ಹೇಳಿದ್ದು, ಅತ್ತಿಗೆ ನನಗೆ ಕೊಟ್ಟ ಚೊಂಬು ಈಗಲೂ ನೀರಿನ ಹಂಡೆಯ ಮೇಲಿರುವುದು, ಎಲ್ಲ ಸುತ್ತಿ ಬಳಸಿ ಹೇಳುತ್ತಾ ಹೋದೆ. ಕೊನೆಗೆ ಕಣ್ಣು ಮುಚ್ಚಿಕೊಂಡು, "ಅಣ್ಣ, ಅವತ್ತು ನಕ್ಕವಳು ನಾನು. ಬೋರ್ಡು ಡ್ರಾಯರಲ್ಲಿರೋದು ನಂಗೂ ಮೊದಲಿಂದ ಗೊತ್ತಿತ್ತು. ನೀನು ಕೂಗ್ತಿದ್ದಾಗ ನಾನು ನಗ್ತಿದ್ದೆ. ತಪ್ಪಾಯ್ತು," ಎಂದೆ. ಗುಂಡಿ ಬಿಟ್ಟೆ.

ಈ ಸಲ ಟಪ್ ಅಲ್ಲ. ಸೆಟ್ಟಿನಲ್ಲಿ ಒಂದು ಕೆಮ್ಮು ಕೇಳಿತು. ಅದರ ಹಿಂದೆ, ಹನ್ನೆರಡು ವಾರದಿಂದ ರಿಪೀಟರಿನಲ್ಲಿ ಕೇಳದಿದ್ದ ದನಿ.

"ಎರಡೂವರೆ ನಿಮಿಷಕ್ಕೆ ಕೈ ಬಿಡ್ಬೇಕು ಕಣೇ. ಕತ್ತರಿ ಬಿತ್ತು ನೋಡು. ನಿಮ್ಮತ್ತಿಗೆ ಚೊಂಬಿನವರೆಗೆ ಕೇಳಿಸ್ತು. ಆಮೇಲೆ ಏನಂದೆ?"

ಕಿಟಕಿಯಾಚೆ ಯಾರೋ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದರು. ಹಲ್ಲಿನ ಡಾಕ್ಟರು, ಬಳಗದವರು ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವುದು ಈ ಸಲ ನನಗೆ ಚೆನ್ನಾಗಿ ನೆನಪಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಗುಂಡಿ ಒತ್ತಿದೆ. ತಪ್ಪಾಯ್ತು ಎನ್ನುವುದನ್ನೇ ಮೊದಲು ಹೇಳಿದೆ.