ಕೆನೆಬಣ್ಣದ ಬಟ್ಟಲಿನಲ್ಲಿ ಕಲಸಿದ ಸಾರನ್ನ

ಇಂಗ್ಲಿಷರ ನಾಡಿನ ಹಾರ್ಬೋರ್ನಿನಲ್ಲಿರುವ ಮಗಳ ಮನೆಗೆ ಬಂದಾಗ, ಪಕ್ಕದ ಮನೆಯ ಹಿರಿಯ ಹೆಂಗಸು, ಮಾತು ಕಲಿಯುತ್ತಿದ್ದ ನನ್ನ ಮೊಮ್ಮಗಳಿಗೆಂದು ಕೆನೆಬಣ್ಣದ ಹಳೆಯ ಬಟ್ಟಲೊಂದನ್ನು ಕೊಟ್ಟರು. ಪಿಂಗಾಣಿ ಕೊಳ್ಳಲಾಗದವರಿಗೆಂದು ಹಿಂದಿನ ಕಾಲದಲ್ಲಿ ಈ ಸೀಮೆಯ ಕುಂಬಾರರು ಮಾಡಿದ್ದಂತೆ, ಆಮೇಲೆ ರಾಣಿಯೇ ಮೆಚ್ಚಿದಳಂತೆ. ಅಳಿಯ ತಿಳಿಸಿ ಹೇಳಿದರು. ನನಗೆ ಹಿಗ್ಗೋ ಹಿಗ್ಗು. ದಿನವೂ ಅದರಲ್ಲೇ ಹುಣಸೆಹುಳಿಯ ಸಾರನ್ನ ಕಲಸಿ ಕೂಸಿಗೆ ಉಣಿಸಿದೆ.

ಒಂದು ಮಧ್ಯಾಹ್ನ ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಮಗಳು ಬಟ್ಟಲನ್ನು ನೋಡಿ ಕಿತ್ತುಕೊಂಡಳು.

"ಅಯ್ಯೋ ಅಮ್ಮಾ, ಆ ಕಾಲದಲ್ಲಿ ಹೊಳಪಿಗೆ ಸೀಸ ಹಾಕ್ತಿದ್ರು! ಹುಳಿ ತಾಗಿದ್ರೆ ಊಟದೊಳಗೆ ಬಿಟ್ಕೊಳತ್ತೆ."

"ಮಗುಗೆ ಏನಾಗತ್ತೇ?"

"ಬ್ಲಡ್ ಟೆಸ್ಟ್ ಆಗ್ಲಿ. ಈಗ ಏನೂ ಕೇಳ್ಬೇಡ."

ಪರೀಕ್ಷೆಗೆ ರಕ್ತ ಕೊಟ್ಟು ಬಂದ ಮೇಲೆ ಕೂಸು ಸುಮ್ಮನೆ ಕೂತರೂ ಹೆದರಿಕೆ, ಮಲಗಿದರೂ ಹೆದರಿಕೆ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಓದು ಬಾರದ ನಾನು ಮುದ್ದು ಮಾಡುತ್ತಲೇ ವಿಷ ಉಣಿಸಿದೆನೇ ಎಂದು ನನ್ನನ್ನೇ ಹಳಿದುಕೊಂಡೆ.

ಕೊನೆಗೂ ಆಸ್ಪತ್ರೆಯಿಂದ ಫೋನ್ ಬಂತು. ಮಗಳು ಕೇಳಿಸಿಕೊಂಡು, "ಏನೂ ಇಲ್ಲಮ್ಮಾ, ನಾರ್ಮಲ್!" ಎಂದಳು.

ಕೂಸನ್ನು ಎತ್ತಿ ಎತ್ತಿ ಮುದ್ದಾಡಿದೆ. ಕಣ್ಣೀರು ನಿಲ್ಲಲೇ ಇಲ್ಲ.

"ಅಜ್ಜೀ, ಸ್ಟಾಪ್! ಐ ವಾಂಟ್ ಸಾರು!" ಎಂದು ಅದು ಕೊಸರಾಡಿತು.

ಸ್ಟೀಲ್ ತಟ್ಟೆ ತರಲು ಅಡುಗೆಮನೆಗೆ ಓಡಿದೆ.